ಗ್ರೇಶನ್‌ನ ಬೆಂಕಿಗೆ ಕಟ್ಟಿಗೆ

ನಮ್ಮೂರಲ್ಲಿ ನರಕ ಇಗರ್ಜಿಯ ಹಿಂದೆಯೇ ಇದೆ. ಒಬ್ಬೊಬ್ಬ ಪಾಪಿಗೆ ಒಂದೊಂದು ಗುಂಡಿ. ಅನ್ಯಾಯಕ್ಕೊಳಗಾದ ಮನೆಯವರೇ ದಿನವೂ ಅದಕ್ಕೆ ಕಟ್ಟಿಗೆ ಹಾಕಬೇಕು. ಬೆಂಕಿ ಆರಿದರೆ ಪಾಪಿಗೆ ಬಿಡುಗಡೆ.

ಕುಡಿದು ಲಾರಿ ಓಡಿಸಿ ನನ್ನ ಅಪ್ಪನನ್ನು ಕೊಂದ ಗ್ರೇಶನ್‌ನ ಗುಂಡಿ ನಮ್ಮ ಪಾಲಿನದು. ಆಗ ನಾನು ತೊಟ್ಟಿಲಲ್ಲಿದ್ದೆ. ಅಮ್ಮನ ಮೊಣಕಾಲು ಕೈಕೊಟ್ಟ ಮೇಲೆ ನಾನೇ ಶಾಲೆ ಬಿಟ್ಟು ಹೊರೆ ಹೊತ್ತೆ. ಇದ್ದಬದ್ದ ಕಟ್ಟಿಗೆಯೆಲ್ಲ ಅಲ್ಲಿಗೇ. ನಮ್ಮ ಮನೆಯಲ್ಲಿ ಯಾವಾಗಲೂ ತಣ್ಣೀರ ಸ್ನಾನ.

"ಇವತ್ತು ತೆಂಗಿನ ಗೆರಟೆಯಾ ಮಾರಾಯ? ಉರಿ ಜೋರುಂಟು," ಗ್ರೇಶನ್ ಗುಂಡಿಯೊಳಗೆ ನರಳುತ್ತಲೇ ಕೇಳಿದ. "ಅಮ್ಮನ ಕಾಲು ಹೇಗುಂಟು?"

"ನೀನು ಬಾಯಿ ಮುಚ್ಚು."

ಊರಲ್ಲಿ ಅದನ್ನು ವಿಚಾರಿಸುವವನು ಅವನೊಬ್ಬನೇ ಎಂಬುದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಗೇಟಿನ ಹತ್ತಿರ ಫಾದರ್ ಸಿಕ್ಕರು.

"ಇನ್ನೆಷ್ಟು ವರ್ಷ ಫಾದರ್?"

"ನಿತ್ಯ ಶಿಕ್ಷೆಗೆ ವರ್ಷದ ಲೆಕ್ಕ ಉಂಟಾ ಮಗಾ? ನಿನ್ನ ನಂತರ ನಿನ್ನ ಮಕ್ಕಳು ಹಾಕ್ತಾರೆ."

"ಕೊಂದದ್ದು ಅವನು. ನನ್ನ ಮಕ್ಕಳು ಎಂತ ಮಾಡಿದ್ದಾರೆ?"

ಫಾದರ್ ಜಪಸರ ಹಿಡಿದು ಒಳಗೆ ಹೋದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಗಂಡನನ್ನು ಕಳೆದುಕೊಂಡವಳು ಅವಳು. ಬಿಡು ಎನ್ನುವ ಹಕ್ಕೂ ಅವಳದೇ.

"ನಾಳೆಯ ಹೊರೆ ಎಲ್ಲುಂಟು?"

"ಅಂಗಳದಲ್ಲಿ ಕಟ್ಟಿಟ್ಟಿದ್ದೇನೆ."

"ಬಚ್ಚಲ ಒಲೆಗೆ ಹಾಕು. ಕಾಲಿಗೆ ಬಿಸಿನೀರು ಬೇಕು."

"ಗ್ರೇಶನ್?"

"ನನಗೆ ಸಾಕಾಯ್ತು ಮಗಾ. ಅವನು ಎಲ್ಲಿಗಾದರೂ ಹೋಗಲಿ."

ಹಂಡೆಯಲ್ಲಿ ಜೇಡ ಬಲೆ ಕಟ್ಟಿತ್ತು. ತೊಳೆದು ನೀರು ತುಂಬಿಸಿದೆ.