ಕ್ಷೌರದ ಕುರ್ಚಿಯಲ್ಲಿ ಸರ್ವನಾಮ

“ಸಾಕ್ಷಾತ್ ಇಂಗ್ಲಿಷರೇ ಈ ಕುರ್ಚೀಲಿ ಕೂತು ನನ್ನಿಂದ ಇಂಗ್ಲಿಷ್ ಕಲಿತು ಹೋದ್ರು, ಸಾರ್!” ಎಂದ ಕ್ಷೌರಿಕ, ಹೆಡ್ಮಾಸ್ಟರ ಗಲ್ಲಕ್ಕೆ ನೊರೆ ಹಚ್ಚುತ್ತ.

“ರೈಲು ಬಿಡಬೇಡ. ಎಲ್ಲಿ, ಸರ್ವನಾಮ ಹೇಳು ನೋಡೋಣ.”

ಕ್ಷೌರಿಕ ತನ್ನೆದೆ ಮುಟ್ಟಿಕೊಂಡು ‘ಐ’ ಎಂದ. ಬಾಚಣಿಗೆಯಿಂದ ಕುರ್ಚಿಯಲ್ಲಿದ್ದ ಹೆಡ್ಮಾಸ್ಟರತ್ತ ತೋರಿಸಿ ‘ಯೂ’ ಎಂದ, ಬೆಂಚಿನಲ್ಲಿ ಕಾಯುತ್ತಿದ್ದವರತ್ತ ‘ದೇ’ ಎಂದ. ಕೊನೆಗೆ ಕನ್ನಡಿ ನೋಡುತ್ತ ಮೀಸೆ ತೀಡಿಕೊಂಡ. “ಇದು ‘ಮೈಸೆಲ್ಫ್’, ಸಾರ್. ಮಾಡೋನೂ ನಾನೇ, ಮಾಡಿಸ್ಕೊಳ್ಳೋನೂ ನಾನೇ!”

ಹೆಡ್ಮಾಸ್ಟರು ಚಪ್ಪಾಳೆ ತಟ್ಟಿದ ರಭಸಕ್ಕೆ ನೊರೆ ಸೂರಿಗೆ ಹಾರಿತು. “ಭಲೇ! ಟೀಚರ್ ಕೆಲಸಕ್ಕೆ ಅಂತ ನಿನ್ನೆ ಬಂದ ನಿನ್ನ ಹೆಂಡ್ತಿ ಸಂದರ್ಶನದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಆಕೆ ಬದಲು ನೀನೇ ಬಾರಯ್ಯ.”

ಕ್ಷೌರಿಕನ ಮುಖ ಸಪ್ಪಗಾಯಿತು. “ಅಯ್ಯೋ, ನಂಗೆ ಎಬಿಸಿಡೀನೂ ಪೂರ್ತಿ ಬರಲ್ಲ ಸಾರ್. ಈ ಪಾಠ ಅವಳದ್ದೇ. ನಿಮ್ಮೆದುರು ಹೆದರಿದ್ಲು ಅಷ್ಟೇ, ನನ್ನಂಥ ಪೆದ್ದನ ತಲೆಗೂ ಇಳಿಸಿದಾಳೆ ನೋಡಿ!”