ಆಯ್ತು ಅಲ್ಲ, ಮಾಡಿದೆ

“ತಪ್ಪಾಯ್ತು ಅನ್ನಬೇಡ!” ಮೇಷ್ಟ್ರು ಮೇಜು ಕುಟ್ಟಿದರು. “ಹಾಲು ಉಕ್ಕಿಹೋಯ್ತು, ಕರೆಂಟು ಹೋಯ್ತು, ತಪ್ಪಾಯ್ತು. ಅದೇನು ತಾನಾಗೇ ಆಯ್ತಾ? ಮಾಡಿದೆ ಅನ್ನು.”

ಎದುರಿಗೆ ಕೂತ ಕೈದಿ ತಲೆ ಕೆರೆದುಕೊಂಡ. ಎಂಥ ಬೀಗವನ್ನೂ ಒಂದು ತಂತಿಯಲ್ಲಿ ತೆಗೆಯುತ್ತಿದ್ದನಾದ್ದರಿಂದ ಜೈಲಿನಲ್ಲೆಲ್ಲ ಅವನ ಹೆಸರೇ ಬೀಗ. ಅಂಗಡಿ ದೋಚುವಾಗ ಅಡ್ಡ ಬಂದ ಕಾವಲಿನ ಮುದುಕನನ್ನು ತಳ್ಳಿದ್ದ. ಮುದುಕ ಮತ್ತೆ ಏಳಲಿಲ್ಲ. ನಾಳೆ ಬೆಳಿಗ್ಗೆ ಬಿಡುಗಡೆ ಸಮಿತಿಯ ಮುಂದೆ ನಿಲ್ಲಬೇಕು.

“ಎರಡೂ ಒಂದೇ ಅಲ್ವಾ ಮೇಷ್ಟ್ರೇ?”

“ಒಂದೇ ಆಗಿದ್ರೆ ನಾನು ಅದರ ಮೇಲೆ ಅಷ್ಟು ದಪ್ಪ ಪುಸ್ತಕ ಬರೀತಿದ್ನೇನೋ?”

ಬರೆದಿದ್ದರು. ಕಾನೂನು ಸಮಾಜಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. ಮೂರು ದೇಶಗಳ ಬಿಡುಗಡೆ ಸಮಿತಿಗಳನ್ನು ಹೋಲಿಸಿ ನೋಡಿದ್ದರು. ಒಂದು ಕಡೆ ಕೈದಿ ತಲೆ ತಗ್ಗಿಸಿದರೆ ಸಾಕು. ಇನ್ನೊಂದು ಕಡೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು. ಇಲ್ಲಿ ಎಲ್ಲವೂ ಒಂದು ಕ್ರಿಯಾಪದದ ಮೇಲೆ ನಿಂತಿತ್ತು. ತಪ್ಪು ಮಾಡಿದವನು ಆ ಪದ ಕಲಿತು ಹೊರಗೆ ಹೋಗುತ್ತಾನೆ, ಮಾಡದವನು ನಾಲಿಗೆ ಹೊರಳದೆ ಒಳಗೇ ಉಳಿಯುತ್ತಾನೆ ಎಂದು ಕೊನೆಯ ಅಧ್ಯಾಯದಲ್ಲಿ ಬರೆದಿದ್ದರು. ಬರೆಯುವಾಗ ಅದು ಚೆಂದದ ವಾಕ್ಯ ಎನಿಸಿತ್ತು.

ಈ ಜೈಲಿಗೆ ಬಂದ ಮೇಲೆ ಬರೆದದ್ದು ಕಡಿಮೆ, ಕಲಿಸಿದ್ದೇ ಹೆಚ್ಚು. ಕಲಿತವರೆಲ್ಲ ಹೋದರು. ಮೇಷ್ಟ್ರು ಮಾತ್ರ ಸುಣ್ಣ ಉದುರುವ ಗೋಡೆಗಳ ನಡುವೆ ಉಳಿದರು. ಕಿಟಕಿ ತೀರಾ ಎತ್ತರದಲ್ಲಿತ್ತು. ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ ದಾರ ಕೊಳೆಯಾಗಿ ಕಪ್ಪಗಾಗಿತ್ತು.

ಮಧ್ಯಾಹ್ನ ಮಗಳು ಬಂದಳು. ಅಪ್ಪನನ್ನು ನೋಡಬೇಕೆಂದರೆ ಇಲ್ಲಿಗೇ ಬರಬೇಕು ಎನ್ನುವುದು ಅವಳಿಗೆ ರೂಢಿಯಾಗಿಹೋಗಿತ್ತು.

“ಅಮ್ಮಂಗೆ ಒಂದು ಕಣ್ಣು ಹೋಯ್ತಪ್ಪ. ಇನ್ನೊಂದೂ ಮಂಜು ಮಂಜು. ಬಸ್ಸು ಹತ್ತೋಕೂ ಆಗಲ್ಲ. ಅದೂ ಹೋಗೋದ್ರೊಳಗೆ ನಿಮ್ಮ ಮುಖ ನೋಡ್ಬೇಕಂತೆ.”

“ನೋಡೋಣ ಮಗಳೇ.”

“ಏನು ನೋಡೋದು? ಮೇಲಿನವರ ಹತ್ರ ಒಂದು ಮಾತು ಹೇಳಿ ಮನೆಗೆ ಬಂದ್ಬಿಡಿ. ಊರಿಗೆಲ್ಲ ಪಾಠ ಹೇಳ್ತೀರಿ, ನಿಮ್ಮ ಹಟ ಮಾತ್ರ ಬಿಡಲ್ಲ.”

“ಆ ಮಾತು ಹೇಳಿದ್ರೆ ನನ್ನ ಬದುಕೇ ಸುಳ್ಳಾಗುತ್ತಮ್ಮ.”

“ಆಗ್ಲಿ ಬಿಡಿ. ಸುಳ್ಳಪ್ಪನೇ ಇರ್ಲಿ, ಮನೇಲಿರ್ಲಿ.”

ಗಂಟೆ ಹೊಡೆಯಿತು. ಮೇಷ್ಟ್ರು ತಟ್ಟನೆ ಎದ್ದರು. ಬೀಗನ ಪಾಠ ಇನ್ನೂ ಬಾಕಿಯಿತ್ತು.

ಮರುದಿನ ಸಮಿತಿಯ ಕೋಣೆಯ ಹೊರಗೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಬೀಗ ಒಳಗೆ ಹೋದ. ಮೇಷ್ಟ್ರು ಉಗುರು ಕಚ್ಚುತ್ತ ಬಾಗಿಲನ್ನೇ ನೋಡಿದರು. ಹೊರಬಂದಾಗ ಅವನ ಕೆನ್ನೆ ಒದ್ದೆಯಾಗಿತ್ತು.

“ಮಾಡಿದೆ ಅಂದೆ ಮೇಷ್ಟ್ರೇ. ಅಂತಿದ್ದ ಹಾಗೇ ಆ ಮುದುಕನ ಮುಖ ಕಣ್ಮುಂದೆ ಬಂತು. ಅಳು ತಡೆಯೋಕಾಗ್ಲಿಲ್ಲ. ಬಿಟ್ರು!”

“ಅಳೋದು ನಾನು ಕಲಿಸಿರಲಿಲ್ವಲ್ಲೋ,” ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಕಾವಲುಗಾರ ಬಾಗಿಲು ಹಿಡಿದು ನಿಂತಿದ್ದ. “ಬನ್ನಿ ಮೇಷ್ಟ್ರೇ, ಕಾಯ್ತಿದಾರೆ.”

ಒಳಗೆ ಅಧ್ಯಕ್ಷರು ನಕ್ಕರು. ಮೇಷ್ಟ್ರ ಪುಸ್ತಕ ಓದಿಯೇ ಅವರು ಈ ಕೆಲಸ ಕಲಿತದ್ದು. “ಇವತ್ತಾದ್ರೂ ಹೇಳ್ತೀರಾ?”

ಮೇಷ್ಟ್ರಿಗೆ ಹೆಂಡತಿಯ ಮಂಜು ಕವಿದ ಕಣ್ಣು ನೆನಪಾಯಿತು. ಒಂದೇ ಒಂದು ಪದ. ಎಷ್ಟೋ ಜನರಿಗೆ ಬಾಯಿಪಾಠ ಮಾಡಿಸಿದ ಪದ.

“ತಪ್ಪಾಯ್ತು ಸಾರ್,” ಎಂದರು.

ಅಧ್ಯಕ್ಷರು ಕಾದರು. “ಆಯ್ತೋ, ಮಾಡಿದ್ರೋ?”

ಮೇಷ್ಟ್ರ ನಾಲಿಗೆ ಹೊರಳಲಿಲ್ಲ.

“ಸಹೋದ್ಯೋಗಿಯನ್ನು ಕೊಂದ ಈ ಕೈದಿಗೆ ಈಗಲೂ ಪಶ್ಚಾತ್ತಾಪವಿಲ್ಲ,” ಎಂದು ಅಧ್ಯಕ್ಷರು ಬರೆಸಿದರು. ಕಾವಲುಗಾರ ಮೇಷ್ಟ್ರನ್ನು ಸುಣ್ಣ ಉದುರುವ ಅದೇ ಕೋಣೆಗೆ ಬಿಟ್ಟು, ಹೊರಗಿನಿಂದ ಬೀಗ ಜಡಿದ.