ದವಡೆಯಲ್ಲಿ ಸಿಕ್ಕಿಕೊಂಡ ಹೆಸರು

ಸಾವಂತ್ರೆವ್ವನ ದವಡೆಗೆ ರೊಟ್ಟಿ ಅಗಿಯುವ ಶಕ್ತಿ ಇರಲಿಲ್ಲ. ಡಾಕ್ಟರಮ್ಮ ಅವಳ ಕಿವಿಯ ಮುಂದಿನ ಕೀಲನ್ನು ಒತ್ತಿ ನೋಡಿದರು.

"ಇಲ್ಲೊಂದು ಹೆಸರು ಸಿಕ್ಕೊಂಡೈತಿ. ಗಂಡನ ಹೆಸರು ಒಮ್ಮೆನೂ ಹೇಳಿಲ್ಲೇನಬೇ?"

"ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತೈತ್ರಿ."

"ಈಗ ಹೇಳಿಬಿಡು, ಕೀಲು ಸಡಲಾಗತೈತಿ. ಇಲ್ಲಾಂದ್ರ ಕೀಳಬೇಕು. ಕಿತ್ತರ ಹೆಸರಿನ ಜೋಡಿ ಅವನೂ ಹೋಗತಾನ, ಗೊತ್ತೈತಲ್ಲ?"

ಗೊತ್ತಿತ್ತು. ಅವಳ ಓಣಿಯಲ್ಲೇ ಮೂವರ ಗಂಡಂದಿರು ಹಾಗೆ ಹೋಗಿದ್ದರು. ಸಾವಂತ್ರೆವ್ವ ಹೆಸರನ್ನು ನಾಲಿಗೆಯ ತುದಿಗೆ ತಂದಳು. ಅಷ್ಟರಲ್ಲಿ ಹೊರಗಿನ ಬೆಂಚಿನಿಂದ ಗಂಡ ಕೂಗಿದ: "ಏ ಇಕೀ, ಇನ್ನೂ ಮುಗೀಲಿಲ್ಲೇನ? ರೊಟ್ಟಿ ನಿಮ್ಮಪ್ಪ ಬಡಿತಾನೇನ?"

ಅವಳು ಹೆಸರನ್ನು ನುಂಗಿಕೊಂಡಳು.

"ಕೀಳ್ರಿ," ಎಂದಳು.

ಹೆಸರು ಚಿಮಟದಲ್ಲಿ ಟಕ್ಕೆಂದು ಹೊರಬಂತು. ಹೊರಗೆ ಬೆಂಚು ಖಾಲಿಯಿತ್ತು, ಇನ್ನೂ ಬೆಚ್ಚಗಿತ್ತು.

"ಜೋಡಿ ಯಾರ ಬಂದಾರಬೇ?" ನರ್ಸ್ ಕೇಳಿದಳು.

"ಒಬ್ಬಾಕಿನ ಬಂದೀನಿ."

ಹೋದದ್ದು ಒಂದು ಹೆಸರು, ಒಬ್ಬ ಗಂಡಸು.